ಏರಿಯಾ ಸೇಫ್ ಆಗ್ಬೇಕಾ? ಸ್ಥಳೀಯ ಸಂಸ್ಥೆಯಿಂದ ಕೆಲಸ ಮಾಡಿಸ್ಕೊಳ್ಳೋದು ಹೇಗೆ

ಏರಿಯಾದಲ್ಲಿ ಒಂದು ಕಳ್ಳತನ ಆದ್ರೆ, ಇಲ್ಲಾ ಯಾರದೋ ಬ್ಯಾಗ್ ಕಿತ್ಕೊಂಡು ಓಡಿದ್ರೆ, ಎಲ್ಲರ ಬಾಯಲ್ಲೂ ಮೊದಲು ಬರೋ ಮಾತು ಪೊಲೀಸ್ರು ಏನ್ ಮಾಡ್ತಿದ್ರು ಅಂತ. ಕೇಳ್ಬೇಕಾದ ಪ್ರಶ್ನೆನೇ ಅದು, ಇಲ್ಲ ಅನ್ನಲ್ಲ. ಆದ್ರೆ ಆ ಜಾಗದಲ್ಲಿ ಲೈಟ್ ಯಾಕೆ ಉರೀತಿರ್ಲಿಲ್ಲ, ಪಕ್ಕದ ಖಾಲಿ ಸೈಟಲ್ಲಿ ಆಳೆತ್ತರ ಗಿಡಗಂಟಿ ಬೆಳೆಯೋಕೆ ಯಾರು ಬಿಟ್ರು, ಫುಟ್‌ಪಾತ್ ಒಡೆದು ಜನ ಕತ್ತಲಲ್ಲಿ ರಸ್ತೆಗಿಳಿದು ನಡೀಬೇಕಾಗಿದೆಯಲ್ಲ ಅದು ಯಾರ ಜವಾಬ್ದಾರಿ, ಈ ಮೂರು ಪ್ರಶ್ನೆಗೂ ಉತ್ತರ ಕೊಡ್ಬೇಕಾದವರು ಪಾಲಿಕೆ, ಪುರಸಭೆ, ಪಂಚಾಯ್ತಿ ಅಂತ ನಾವು ಕರೆಯೋ ಸ್ಥಳೀಯ ಸಂಸ್ಥೆಯವರು. ಒಂದು ಬೀದಿ ಸೇಫ್ ಆಗಿರತ್ತೋ ಇಲ್ವೋ ಅನ್ನೋದರಲ್ಲಿ ದೊಡ್ಡ ಪಾಲು ಈ ಆಫೀಸಲ್ಲೇ ತೀರ್ಮಾನ ಆಗತ್ತೆ, ಅದೂ ಯಾವ ಗಲಾಟೆ ಇಲ್ದೆ, ಒಂದು ಫೈಲಿಗೆ ಸಹಿ ಬೀಳೋದ್ರಲ್ಲಿ ಅಥವಾ ಬೀಳದೇ ಇರೋದ್ರಲ್ಲಿ.

ಇದು ನಾನೊಬ್ಬ ಹೇಳೋ ಮಾತಲ್ಲ. ಇಂಗ್ಲೆಂಡ್ ಮತ್ತು ವೇಲ್ಸಲ್ಲಿ 1998ರಲ್ಲಿ ಒಂದು ಕಾನೂನೇ ಮಾಡಿದ್ರು, ಅದರ 17ನೇ ಸೆಕ್ಷನ್ ಪ್ರಕಾರ ಸ್ಥಳೀಯ ಸಂಸ್ಥೆ ತನ್ನ ಯಾವುದೇ ಕೆಲಸ ಮಾಡೋವಾಗ್ಲೂ, ಪಾರ್ಕ್ ಇರ್ಲಿ ಪ್ಲಾನಿಂಗ್ ಇರ್ಲಿ ಲೈಸೆನ್ಸ್ ಇರ್ಲಿ, ಅದರಿಂದ ಅಪರಾಧದ ಮೇಲೆ ಏನು ಪರಿಣಾಮ ಆಗತ್ತೆ ಅಂತ ಯೋಚನೆ ಮಾಡ್ಲೇಬೇಕು. ಎಲ್ಲಾ ಕಡೆ ಇಂಥ ಕಾನೂನು ಇರಲ್ಲ. ಆದ್ರೆ ಕಾನೂನು ಇಲ್ದೇ ಇದ್ರೂ ಕೆಲಸ ಮಾಡಿಸೋ ದಾರಿ ಇದೆ, ಅದನ್ನೇ ಇಲ್ಲಿ ಹೇಳ್ತೀನಿ.

ಮೊದಲು ಯಾರ ಕೈಲಿ ಏನಿದೆ ಅಂತ ತಿಳ್ಕೊಳ್ಳಿ

ಜನ ಸೋತು ಕೂರೋದು ಇಲ್ಲೇ. "ನಮ್ಮ ಏರಿಯಾ ಸೇಫ್ ಇಲ್ಲ ಸಾರ್, ಏನಾದ್ರೂ ಮಾಡಿ" ಅಂತ ಆಫೀಸಿಗೆ ಹೋಗಿ ಹೇಳಿದ್ರೆ ಅದು ಯಾವ ಟೇಬಲ್ಲಿಗೂ ಸೇರಲ್ಲ. ಬೀದಿದೀಪ ನೋಡ್ಕೊಳ್ಳೋದು ಒಂದು ವಿಭಾಗ, ಮರದ ಕೊಂಬೆ ಕಡಿಯೋದು ಇನ್ನೊಂದು, ರಸ್ತೆ ಫುಟ್‌ಪಾತ್ ಇಂಜಿನಿಯರ್ ಕಡೆ, ಖಾಲಿ ಸೈಟಿನ ಮಾಲೀಕರಿಗೆ ನೋಟಿಸ್ ಕೊಡೋದು ಮತ್ತೊಬ್ಬರು, ಕಟ್ಟಡಕ್ಕೆ ಅನುಮತಿ ಕೊಡೋರು ಬೇರೆ, ಅಂಗಡಿ ಲೈಸೆನ್ಸ್ ಬೇರೆ. ಕೆಲವು ಕಡೆ ಲೈಟಿನ ಕಂಬ ವಿದ್ಯುತ್ ಕಂಪನಿದು, ಬಲ್ಬ್ ಸ್ಥಳೀಯ ಸಂಸ್ಥೆದು. ದೊಡ್ಡ ರಸ್ತೆ ಅವರದ್ದೇ ಅಲ್ಲ, ಮೇಲಿನ ಸರ್ಕಾರದ್ದು. ಹಾಗಾಗಿ ಒಂದು ಹಾಳೆ ತಗೊಂಡು ನಿಮ್ಮ ಬೀದಿಲಿ ಕಣ್ಣಿಗೆ ಕಾಣೋ ಒಂದೊಂದು ವಸ್ತು ಬರೆದು ಅದರ ಎದುರಿಗೆ ಇದು ಯಾರದ್ದು ಅಂತ ತುಂಬಿಸ್ತಾ ಹೋಗಿ. ಗೊತ್ತಿಲ್ದೇ ಇರೋದನ್ನ ಫೋನ್ ಮಾಡಿ ಕೇಳಿ, ವಾರ್ಡಿನ ಸದಸ್ಯರ ಆಫೀಸಲ್ಲಿ ಒಬ್ಬರಾದ್ರೂ ಹಳಬರು ಇದ್ದೇ ಇರ್ತಾರೆ, ಅವರಿಗೆ ಬಾಯಿಪಾಠ ಇರತ್ತೆ. ಬೇಜಾರಿನ ಕೆಲಸ ನಿಜ, ಆದ್ರೆ ಇದೊಂದು ಹಾಳೆ ಕೈಲಿದ್ರೆ ಅಲ್ಲಿಗೆ ಹೋಗಿ ಇಲ್ಲಿಗೆ ಹೋಗಿ ಅಂತ ಅಲೆದಾಡೋದು ಅರ್ಧಕ್ಕರ್ಧ ತಪ್ಪತ್ತೆ.

ಕತ್ತಲಾದ್ಮೇಲೆ ಒಂದು ಸುತ್ತು ನಡೀರಿ

ಇದು ಇಡೀ ಕೆಲಸದಲ್ಲಿ ಮುಖ್ಯವಾದ ಭಾಗ, ದಯವಿಟ್ಟು ಬಿಡ್ಬೇಡಿ. ಕೆನಡಾದ ಟೊರಾಂಟೋದಲ್ಲಿ 1989ರಲ್ಲಿ ಮಹಿಳೆಯರ ಮೇಲಿನ ಹಿಂಸೆ ತಡೆಯೋಕೆ ಅಂತಲೇ ಇದ್ದ ಒಂದು ಸಂಘಟನೆ ಸೇಫ್ಟಿ ಆಡಿಟ್ ಅನ್ನೋ ಪದ್ಧತಿ ಶುರು ಮಾಡ್ತು, ಅಲ್ಲಿಂದ ಎಷ್ಟೋ ದೇಶಗಳಿಗೆ ಹರಡ್ತು. ಅದರಲ್ಲಿ ದೊಡ್ಡ ವಿದ್ಯೆ ಏನಿಲ್ಲ, ಆ ಜಾಗ ಬಳಸೋ ಜನಾನೇ, ಅದರಲ್ಲೂ ಹೆಂಗಸರು, ಕತ್ತಲಾದ್ಮೇಲೆ ಗುಂಪಾಗಿ ನಡ್ಕೊಂಡು ಹೋಗಿ ಎಲ್ಲಿ ಭಯ ಆಗತ್ತೆ, ಯಾಕೆ ಆಗತ್ತೆ ಅಂತ ನಿಂತು ಬರ್ಕೊಳ್ಳೋದು ಅಷ್ಟೇ. ಐದಾರು ಜನ ಸಾಕು. ಆದ್ರೆ ಎಲ್ಲರೂ ಒಂದೇ ಥರದವರು ಬೇಡ. ನಲವತ್ತರ ಗಂಡಸರು ಐದು ಜನ ಹೋದ್ರೆ ಬೀದಿ ಚೆನ್ನಾಗೇ ಇದೆ ಅಂತ ಬರ್ಕೊಂಡು ವಾಪಸ್ ಬರ್ತಾರೆ, ಯಾಕಂದ್ರೆ ಅವರಿಗೆ ಅದು ಚೆನ್ನಾಗೇ ಇರತ್ತೆ. ರಾತ್ರಿ ಶಿಫ್ಟ್ ಮುಗಿಸಿ ಬರೋ ಹುಡುಗಿ, ಕೋಲು ಹಿಡಿದು ನಡೆಯೋ ಅಜ್ಜ, ವೀಲ್‌ಚೇರಲ್ಲಿ ಓಡಾಡೋರು, ಟ್ಯೂಷನ್ನಿಗೆ ಒಬ್ಬನೇ ಹೋಗೋ ಹುಡುಗ, ಇವರಲ್ಲಿ ಇಬ್ಬರು ಮೂವರಾದ್ರೂ ಜೊತೇಲಿ ಇರ್ಬೇಕು, ಮತ್ತೆ ಮೊದಲು ಮಾತಾಡೋದು ಅವರೇ ಆಗಿರ್ಬೇಕು.

ನಡೆಯೋವಾಗ ಏನು ನೋಡ್ಬೇಕು ಅಂತ ಒಂದು ಉದಾಹರಣೆ ಹೇಳ್ತೀನಿ. ಒಂದು ಜಾಗ ಕತ್ತಲಾಗಿದೆ, ಎಲ್ಲರೂ ಲೈಟಿಲ್ಲ ಅಂತ ಬರ್ಕೋತಾರೆ. ಸ್ವಲ್ಪ ತಲೆ ಎತ್ತಿ ನೋಡಿ. ಎಷ್ಟೋ ಸಲ ಲೈಟ್ ಉರೀತಾನೇ ಇರತ್ತೆ, ಮರದ ಕೊಂಬೆ ಅದರ ಸುತ್ತ ಬೆಳ್ಕೊಂಡು ಬೆಳಕೆಲ್ಲ ಎಲೆ ಮೇಲೇ ನಿಂತಿರತ್ತೆ, ಕೆಳಗೆ ಬರೋದು ಬರೀ ಚುಕ್ಕಿ ಚುಕ್ಕಿ. ನೀವು ಲೈಟಿನ ವಿಭಾಗಕ್ಕೆ ದೂರು ಕೊಟ್ರೆ ಲೈನ್‌ಮ್ಯಾನ್ ಬಂದು ನೋಡಿ ಲೈಟ್ ಸರಿ ಇದೆ ಅಂತ ಬರೆದು ದೂರು ಕ್ಲೋಸ್ ಮಾಡಿ ಹೋಗ್ತಾರೆ, ಅವರ ಲೆಕ್ಕದಲ್ಲಿ ಅದು ಸುಳ್ಳೂ ಅಲ್ಲ. ದೂರು ಹೋಗ್ಬೇಕಾಗಿದ್ದು ಮರ ನೋಡ್ಕೊಳ್ಳೋರಿಗೆ, ಮೂರು ಕೊಂಬೆ ತೆಗೆದ್ರೆ ಮುಗೀತು, ಹೊಸ ಕಂಬಾನೂ ಬೇಡ ಟೆಂಡರ್ರೂ ಬೇಡ. ಇನ್ನೊಂದು ಕಡೆ ಲೈಟ್ ಹತ್ತೋದೇ ಕತ್ತಲಾಗಿ ಎಷ್ಟೋ ಹೊತ್ತಾದ್ಮೇಲೆ ಆಗಿರತ್ತೆ, ಟೈಮರ್ ಸೆಟ್ಟಿಂಗ್ ಹಳೇದು, ಹಗಲು ಚಿಕ್ಕದಾಗೋ ಕಾಲಕ್ಕೆ ಯಾರೂ ಬದಲಾಯಿಸಿಲ್ಲ. ಇನ್ನೊಂದು ಕಡೆ ಬೆಳಕೆಲ್ಲ ರಸ್ತೆ ಮಧ್ಯಕ್ಕೆ ಬೀಳತ್ತೆ, ಜನ ನಡೆಯೋ ಫುಟ್‌ಪಾತ್ ಮಾತ್ರ ಕಪ್ಪು. ಮೂರೂ ಕಡೆ ಕತ್ತಲೇನೇ, ಆದ್ರೆ ಮೂರಕ್ಕೂ ಔಷಧಿ ಬೇರೆ ಬೇರೆ, ಟೇಬಲ್ಲೂ ಬೇರೆ ಬೇರೆ.

ಹಾಗೇನೇ ಬಸ್ ಸ್ಟಾಪ್ ಹತ್ರ ನಿಂತು ನೋಡಿ, ಹಿಂದೆ ಯಾರಾದ್ರೂ ನಿಂತ್ರೆ ನಿಮಗೆ ಕಾಣತ್ತಾ? ಓಣಿ ಒಳಗೆ ಹೋದ್ರೆ ಇನ್ನೊಂದು ಕಡೆಯಿಂದ ಹೊರಗೆ ಬರೋ ದಾರಿ ಇದೆಯಾ ಅಥವಾ ಗೋಡೆ ಅಡ್ಡ ಬಂದಿದೆಯಾ? ಮನೆ ಕಿಟಕಿ, ಅಂಗಡಿ ಬಾಗಿಲು ಬೀದಿ ಕಡೆ ಮುಖ ಮಾಡಿದಾವಾ ಇಲ್ಲಾ ಇಡೀ ಬೀದಿ ಉದ್ದಕ್ಕೂ ಬರೀ ಎತ್ತರದ ಕಾಂಪೌಂಡ್ ಗೋಡೆನಾ? ನಗರಗಳ ಬಗ್ಗೆ ಬರೆದ ಜೇನ್ ಜೇಕಬ್ಸ್ ಅನ್ನೋ ಲೇಖಕಿ 1961ರಲ್ಲೇ ಹೇಳಿದ್ರು, ಬೀದಿ ಮೇಲೆ ಜನರ ಕಣ್ಣು ಇರೋದೇ ಬೀದಿಗೆ ಕಾವಲು ಅಂತ. ಒಂದು ಗಂಟೆ ಜಾಸ್ತಿ ತೆರೆದಿರೋ ಔಷಧಿ ಅಂಗಡಿ ಒಂದು ಬೀದಿಗೆ ಎಷ್ಟು ಧೈರ್ಯ ಕೊಡತ್ತೆ ಅಂತ ಅಲ್ಲಿ ಓಡಾಡೋ ಹೆಂಗಸರನ್ನ ಕೇಳಿ ನೋಡಿ.

ಎಲ್ಲಿ, ಯಾವಾಗ, ಏನು ಅಂತ ಲೆಕ್ಕ ಇಡಿ

ಭಯ ಒಂದು ಕಡೆ ಇರತ್ತೆ, ಅಪಾಯ ಇನ್ನೊಂದು ಕಡೆ ಇರತ್ತೆ, ಎರಡೂ ಮುಖ್ಯ ಆದ್ರೆ ಎರಡನ್ನೂ ಒಂದೇ ಅನ್ಕೋಬಾರ್ದು. ಅದಕ್ಕೆ ಲೆಕ್ಕ ಬೇಕು. ಪೊಲೀಸರ ಹತ್ರ ಇರೋ ಲೆಕ್ಕ ಮಾತ್ರ ಸಾಲಲ್ಲ ಅನ್ನೋದಕ್ಕೆ ವೇಲ್ಸಿನ ಕಾರ್ಡಿಫ್ ನಗರದ ಕಥೆ ಎಲ್ಲರಿಗೂ ಗೊತ್ತಿರ್ಬೇಕು. ಜೊನಾಥನ್ ಶೆಫರ್ಡ್ ಅಂತ ಮುಖ ದವಡೆ ಆಪರೇಷನ್ ಮಾಡೋ ಸರ್ಜನ್, ಹೊಡೆದಾಟದಲ್ಲಿ ಗಾಯ ಆಗಿ ಆಸ್ಪತ್ರೆಗೆ ಬರೋರಲ್ಲಿ ತುಂಬಾ ಜನರ ವಿಷಯ ಪೊಲೀಸರಿಗೆ ಗೊತ್ತೇ ಆಗಿಲ್ಲ ಅನ್ನೋದನ್ನ ಗಮನಿಸಿದ್ರು. ಆಮೇಲೆ ಎಮರ್ಜೆನ್ಸಿ ವಿಭಾಗದ ರಿಸೆಪ್ಷನ್ನಲ್ಲೇ ಹಲ್ಲೆ ಎಲ್ಲಾಯ್ತು, ಯಾವಾಗ, ಯಾವುದ್ರಿಂದ ಅಂತ ಕೇಳಿ ಬರ್ಕೊಳ್ಳೋಕೆ ಶುರು ಮಾಡಿ, ಹೆಸರೆಲ್ಲ ತೆಗೆದು ಆ ಮಾಹಿತಿನ ಪಾಲಿಕೆ ಮತ್ತು ಪೊಲೀಸರ ಜೊತೆ ಹಂಚ್ಕೊಂಡ್ರು. ಅದರ ಆಧಾರದ ಮೇಲೆ ಗಸ್ತು ಯಾವ ಬೀದಿಗೆ ಹಾಕ್ಬೇಕು, ಯಾವ ಬಾರಿನ ಲೈಸೆನ್ಸ್ ಬಗ್ಗೆ ಪ್ರಶ್ನೆ ಮಾಡ್ಬೇಕು, ಹೊಡೆದಾಟದಲ್ಲಿ ಆಯುಧ ಆಗೋ ಗಾಜಿನ ಲೋಟ ಎಲ್ಲಿ ಬದಲಾಯಿಸ್ಬೇಕು ಅಂತ ತೀರ್ಮಾನ ಆಯ್ತು. 2011ರಲ್ಲಿ ಬಂದ ಅಧ್ಯಯನದ ಪ್ರಕಾರ ಹಿಂಸೆಯಿಂದ ಆಸ್ಪತ್ರೆಗೆ ಅಡ್ಮಿಟ್ ಆಗೋರ ಸಂಖ್ಯೆ ತಿಂಗಳಿಗೆ ಲಕ್ಷ ಜನಕ್ಕೆ 7 ಇದ್ದದ್ದು 5ಕ್ಕೆ ಇಳೀತು, ಅದೇ ಟೈಮಲ್ಲಿ ಅಂಥದ್ದೇ ಬೇರೆ ನಗರಗಳಲ್ಲಿ 5 ಇದ್ದದ್ದು 8ಕ್ಕೆ ಏರ್ತು.

ನೀವು ಇಷ್ಟು ದೊಡ್ಡದಾಗಿ ಮಾಡ್ಬೇಕಾಗಿಲ್ಲ. ಹತ್ತಿರದ ಕ್ಲಿನಿಕ್ಕು, ಆಟೋ ಸ್ಟ್ಯಾಂಡು, ಶಾಲೆ ವಾಚ್‌ಮ್ಯಾನು, ಬೆಳಿಗ್ಗೆ ಕಸ ಗುಡಿಸೋ ಕಾರ್ಮಿಕರು, ಇವರಿಗೆ ಗೊತ್ತಿರೋದು ಯಾವ ದಾಖಲೆಲೂ ಇರಲ್ಲ. ಯಾರ ಹೆಸರೂ ಬರೀಬೇಡಿ, ಜಾಗ, ದಿನ, ಹೊತ್ತು, ಏನಾಯ್ತು, ಇಷ್ಟೇ ಸಾಕು. ಸ್ವಲ್ಪ ದಿನದಲ್ಲೇ ಒಂದು ವಿಷಯ ಕಣ್ಣಿಗೆ ಬೀಳತ್ತೆ, ತೊಂದರೆ ಇಡೀ ಏರಿಯಾ ತುಂಬಾ ಹರಡಿರಲ್ಲ, ಎರಡು ಮೂರು ಜಾಗದಲ್ಲಿ ಅದೇ ಹೊತ್ತಲ್ಲಿ ಮತ್ತೆ ಮತ್ತೆ ಆಗ್ತಿರತ್ತೆ. ಕೆಲವು ಸಲ ಅದೇ ಮನೆಗೆ ಮತ್ತೆ. ಇಂಗ್ಲೆಂಡಿನ ರಾಚ್‌ಡೇಲ್ ಊರಿನ ಕರ್ಕ್‌ಹೋಲ್ಟ್ ಅನ್ನೋ ಬಡಾವಣೆಲಿ 1980ರ ದಶಕದಲ್ಲಿ ಕಳ್ಳತನ ವಿಪರೀತ ಇತ್ತು, ನೋಡಿದ್ರೆ ಒಂದ್ಸಲ ಕಳ್ಳತನ ಆದ ಮನೆಗೇ ಮತ್ತೆ ನುಗ್ತಿದ್ರು, ಜೊತೆಗೆ ನಾಣ್ಯ ಹಾಕಿದ್ರೆ ಕರೆಂಟು ಗ್ಯಾಸು ಕೊಡೋ ಮೀಟರ್ ಮನೇಲಿರ್ತಿತ್ತು, ಅದರೊಳಗಿನ ದುಡ್ಡು ಸುಲಭಕ್ಕೆ ಸಿಗ್ತಿತ್ತು. ಮೀಟರ್ ಬದಲಾಯಿಸಿ, ಕಳ್ಳತನ ಆದ ಮನೆಗೆ ತಕ್ಷಣ ಒಳ್ಳೆ ಬೀಗ ಹಾಕ್ಸಿ, ಅಕ್ಕಪಕ್ಕದವರಿಗೆ ಆ ಮನೆ ಕಡೆ ಒಂದು ಕಣ್ಣಿಡಿ ಅಂತ ಹೇಳಿದ್ರು. ಮೂರು ವರ್ಷದಲ್ಲಿ ಕಳ್ಳತನ 75% ಕಡಿಮೆ ಆಯ್ತು. ಮೀಟರ್ ವಿಷಯ ಬರೀ ಗಸ್ತು ತಿರುಗಿದ್ರೆ ಗೊತ್ತಾಗ್ತಿತ್ತಾ ಹೇಳಿ.

ಅರ್ಜಿ ಬರೆಯೋದು

ಒಂದು ಅರ್ಜಿ, ಒಂದು ಜಾಗ, ಒಂದು ವಿಭಾಗ, ಒಂದು ಬೇಡಿಕೆ. ಹತ್ತು ಸಮಸ್ಯೆ ತುಂಬಿರೋ ಅರ್ಜಿ ಕೊಟ್ರೆ ಅದರಲ್ಲಿ ಸುಲಭದ್ದೊಂದು ಮಾಡಿ ಉಳಿದದ್ದೂ ಮುಗೀತು ಅಂತ ಬರೀತಾರೆ. ಬರೆಯೋ ಭಾಷೆ ಸಿಟ್ಟಿಂದ ಇರೋದು ಬೇಡ, ಓದಿದವನು ಎದ್ದು ಹೋಗಿ ಅದೇ ಜಾಗದಲ್ಲಿ ನಿಲ್ಲೋ ಹಾಗಿರ್ಬೇಕು. ಹೀಗೆ:

"ಮಾನ್ಯರೇ, ಶಾಲೆಯ ಹಿಂದಿನ ಗೇಟಿನಿಂದ ಬಸ್ ನಿಲ್ದಾಣದವರೆಗಿನ ರಸ್ತೆಯಲ್ಲಿ 14ನೇ ಮತ್ತು 15ನೇ ಕಂಬದ ದೀಪಗಳು ಉರಿಯುತ್ತಿದ್ದರೂ ಮರದ ಕೊಂಬೆಗಳಿಂದ ಮುಚ್ಚಿಹೋಗಿವೆ. ಸಂಜೆ 7ರಿಂದ 9ರವರೆಗೆ ವಿದ್ಯಾರ್ಥಿನಿಯರು ಹೆಚ್ಚಾಗಿ ಈ ದಾರಿಯಲ್ಲೇ ಬರುತ್ತಾರೆ. ದೀಪದ ಸುತ್ತಲಿನ ಕೊಂಬೆಗಳನ್ನು ಮಾತ್ರ ಸವರಿಸಿಕೊಡಬೇಕೆಂದು ಕೋರುತ್ತೇವೆ. ಹಗಲು ಮತ್ತು ರಾತ್ರಿಯ ಫೋಟೋ ಲಗತ್ತಿಸಿದೆ."

ಕೊಂಬೆ ಮಾತ್ರ ಅಂತ ಬರೆದಿದ್ದು ಗಮನಿಸಿ, ಇಲ್ಲಾಂದ್ರೆ ಮರಾನೇ ಉರುಳಿಸಿ ಹೋಗೋ ಸಾಧ್ಯತೆ ಇದೆ, ಆಮೇಲೆ ಅಳೋ ಹಾಗಿಲ್ಲ. ಆನ್‌ಲೈನಲ್ಲಿ ಕೊಟ್ರೆ ದೂರಿನ ನಂಬರ್ ಸ್ಕ್ರೀನ್‌ಶಾಟ್ ತಗೊಳ್ಳಿ, ಕೈಯಲ್ಲಿ ಕೊಟ್ರೆ ನಿಮ್ಮ ಪ್ರತಿ ಮೇಲೆ ಸೀಲ್ ಸಹಿ ತಾರೀಖು ಹಾಕಿಸ್ಕೊಳ್ಳಿ. ಬಾಯಲ್ಲಿ ಹೇಳಿದ್ದು ಎಷ್ಟು ಒಳ್ಳೆ ಅಧಿಕಾರಿಗೇ ಆಗಿರ್ಲಿ, ಅವರು ಟ್ರಾನ್ಸ್‌ಫರ್ ಆದ ದಿನ ಅವರ ಜೊತೇಲೇ ಹೋಗತ್ತೆ.

ದುಡ್ಡು ಬೇಕಾಗೋ ಕೆಲಸ, ಅಂದ್ರೆ ಹೊಸ ಕಂಬ, ಫುಟ್‌ಪಾತ್, ಎತ್ತರಿಸಿದ ಕ್ರಾಸಿಂಗ್, ಇವಕ್ಕೆಲ್ಲ ಬಜೆಟ್ ಮಂಡನೆ ಆದ್ಮೇಲೆ ಹೋದ್ರೆ ಬರೋ ವರ್ಷ ನೋಡೋಣ ಅಂತಾರೆ. ಬಜೆಟ್ ತಯಾರಿ ಯಾವಾಗ ಶುರುವಾಗತ್ತೆ ಅಂತ ಮೊದಲೇ ಕೇಳ್ಕೊಂಡು ಅದಕ್ಕೆ ಎರಡು ಮೂರು ತಿಂಗಳು ಮುಂಚೆ ಸದಸ್ಯರ ಕೈಗೆ ಪಟ್ಟಿ ಕೊಡಿ, ಸಭೆಗೆ ಸಾರ್ವಜನಿಕರಿಗೆ ಪ್ರವೇಶ ಇದ್ರೆ ನಾಲ್ಕು ಜನ ಹೋಗಿ ಕೂತ್ಕೊಳ್ಳಿ. ಬ್ರೆಜಿಲ್‌ನ ಪೋರ್ಟೋ ಅಲೆಗ್ರೆಲಿ 1989ರಿಂದ ಬಡಾವಣೆ ಜನರೇ ಸಭೆ ಸೇರಿ ಪಾಲಿಕೆ ದುಡ್ಡಲ್ಲಿ ಒಂದು ಪಾಲು ಎಲ್ಲಿಗೆ ಹೋಗ್ಬೇಕು ಅಂತ ಹೇಳೋ ಪದ್ಧತಿ ತಂದ್ರು, ಆಮೇಲೆ ಅದು ಎಷ್ಟೋ ನಗರಗಳಿಗೆ ಹೋಯ್ತು. ನಿಮ್ಮಲ್ಲಿ ಅಂಥದ್ದು ಇದ್ರೆ ಬಿಡ್ಲೇಬೇಡಿ.

ಏನು ಕೇಳ್ಬೇಕು, ಏನು ಕೇಳೋ ಮುಂಚೆ ಯೋಚನೆ ಮಾಡ್ಬೇಕು

ಬೆಳಕು ಕೇಳಿ, ಧೈರ್ಯವಾಗಿ ಕೇಳಿ. ನ್ಯೂಯಾರ್ಕಲ್ಲಿ 2016ರಲ್ಲಿ ಸರ್ಕಾರಿ ವಸತಿ ಸಮುಚ್ಚಯಗಳನ್ನ ಚೀಟಿ ಎತ್ತಿದ ಹಾಗೆ ಆರಿಸಿ ಕೆಲವಕ್ಕೆ ಮಾತ್ರ ಜಾಸ್ತಿ ಬೆಳಕಿನ ಟವರ್ ಇಟ್ಟು ನೋಡಿದ್ರು, ರಾತ್ರಿ ಹೊತ್ತು ಹೊರಗಡೆ ನಡೆಯೋ ಗಂಭೀರ ಅಪರಾಧ 36% ಕಡಿಮೆ ಆಯ್ತು. ಖಾಲಿ ಸೈಟ್ ಕ್ಲೀನ್ ಮಾಡ್ಸಿ ಅಂತ ಕೇಳಿ, ಇದನ್ನ ಜನ ಬರೀ ಸೊಳ್ಳೆ ಹಾವಿನ ವಿಷಯ ಅನ್ಕೋತಾರೆ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 541 ಖಾಲಿ ಜಾಗ ತಗೊಂಡು ಕೆಲವನ್ನ ಕಸ ತೆಗೆದು ಹುಲ್ಲು ಹಾಕಿ ನಾಲ್ಕು ಗಿಡ ನೆಟ್ಟು ಗಿಡ್ಡದೊಂದು ಮರದ ಬೇಲಿ ಹಾಕಿದ್ರು, ಅಷ್ಟೇ. 2018ರಲ್ಲಿ ಫಲಿತಾಂಶ ಬಂತು, ಬಡ ಬಡಾವಣೆಗಳಲ್ಲಿ ಬಂದೂಕಿನ ಹಿಂಸೆ 29% ಇಳಿದಿತ್ತು. ಆ ಬೇಲಿ ಗಿಡ್ಡ ಯಾಕೆ ಅಂದ್ರೆ ಒಳಗೆ ಕಾಣ್ಬೇಕು, ಜನ ದಾಟಿ ಹೋಗಿ ಕೂರೋಕೂ ಆಗ್ಬೇಕು, ಆದ್ರೆ ಗಾಡಿ ತಂದು ಕಸ ಸುರಿಯೋಕೆ ಆಗ್ಬಾರ್ದು.

ಸೇಫ್ಟಿ ಅಂದ ತಕ್ಷಣ ಕಳ್ಳಕಾಕರ ಬಗ್ಗೆ ಮಾತ್ರ ಯೋಚನೆ ಮಾಡ್ಬೇಡಿ, ಮನೆ ಮುಂದಿನ ರಸ್ತೆಲಿ ವೇಗವಾಗಿ ಬರೋ ಗಾಡಿ ಅದಕ್ಕಿಂತ ದೊಡ್ಡ ಅಪಾಯ ಆಗಿರ್ಬಹುದು. ವೇಗ 30 ಕಿಲೋಮೀಟರಿಂದ 60ಕ್ಕೆ ಹೋದ್ರೆ ಗುದ್ದೋ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗತ್ತೆ. ರಸ್ತೆಲಿ ಯಾರೂ ಸಾಯ್ಬಾರ್ದು ಅನ್ನೋ ಗುರಿನ ಸ್ವೀಡನ್ 1997ರಲ್ಲೇ ಸಂಸತ್ತಲ್ಲಿ ಪಾಸ್ ಮಾಡ್ತು. ನಾರ್ವೆಯ ಓಸ್ಲೋದಲ್ಲಿ ವೇಗದ ಮಿತಿ ಇಳಿಸಿ, ರಸ್ತೆ ಬದಿ ಪಾರ್ಕಿಂಗ್ ತೆಗೆದು, ಶಾಲೆ ಸುತ್ತ ಗಾಡಿ ಕಡಿಮೆ ಮಾಡಿ, 2019ರಲ್ಲಿ ಇಡೀ ವರ್ಷ ನಗರದಲ್ಲಿ ನಡ್ಕೊಂಡು ಹೋಗೋರು, ಸೈಕಲ್ಲಲ್ಲಿ ಹೋಗೋರು ಒಬ್ಬರೂ ಸಾಯ್ಲಿಲ್ಲ. ಇದರಲ್ಲಿ ತುಂಬಾ ಕೆಲಸ ನಗರ ಆಡಳಿತದ್ದೇ. ಹಾಗಾಗಿ ನಿಧಾನವಾಗಿ ಹೋಗಿ ಅನ್ನೋ ಬೋರ್ಡ್ ಕೇಳ್ಬೇಡಿ, ಗಾಡಿ ನಿಧಾನ ಆಗ್ಲೇಬೇಕಾದ ಹಾಗೆ ರಸ್ತೆ ಮಾಡ್ಕೊಡಿ ಅಂತ ಕೇಳಿ, ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಕ್ರಾಸಿಂಗು, ಕಿರಿದು ಮಾಡಿದ ತಿರುವು, ಅಂಥದ್ದು.

ಸಿಸಿ ಕ್ಯಾಮೆರಾ ವಿಷಯಕ್ಕೆ ಬರೋಣ, ಯಾಕಂದ್ರೆ ಎಲ್ಲರೂ ಮೊದಲು ಕೇಳೋದೇ ಅದು, ಸದಸ್ಯರಿಗೂ ಅದೇ ಇಷ್ಟ, ಉದ್ಘಾಟನೆ ಮಾಡ್ಬಹುದಲ್ಲ. ನನ್ನ ಅಭಿಪ್ರಾಯ ಏನಂದ್ರೆ ಅದು ಪಟ್ಟಿಲಿ ಕೊನೆಗಿರ್ಲಿ. ಎಷ್ಟೋ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ನೋಡಿದಾಗ ಕ್ಯಾಮೆರಾ ಚೆನ್ನಾಗಿ ಕೆಲಸ ಮಾಡೋದು ಪಾರ್ಕಿಂಗ್ ಜಾಗಗಳಲ್ಲಿ, ಬೀದಿಲಿ ನಡೆಯೋ ಹೊಡೆದಾಟ ಹಲ್ಲೆಗೆ ಅದರಿಂದ ಅಂಥ ಪರಿಣಾಮ ಕಂಡಿಲ್ಲ. ಕೇಳೋದೇ ಆದ್ರೆ ಜೊತೆಗೆ ಇನ್ನಷ್ಟು ಪ್ರಶ್ನೆ ಕೇಳಿ, ವಿಡಿಯೋ ಯಾರು ನೋಡ್ತಾರೆ, ಎಷ್ಟು ದಿನ ಇಡ್ತಾರೆ, ಕೆಟ್ಟೋದ್ರೆ ರಿಪೇರಿ ದುಡ್ಡು ಯಾವ ಲೆಕ್ಕದಿಂದ ಬರತ್ತೆ. ಇದಕ್ಕೆ ಉತ್ತರ ಇಲ್ಲ ಅಂದ್ರೆ ಆ ದುಡ್ಡಲ್ಲಿ ಲೈಟ್ ಹಾಕ್ಸಿ.

ಯಾರನ್ನೂ ಓಡಿಸೋ ಕೆಲಸ ಆಗ್ಬಾರ್ದು

ಇದನ್ನ ಸ್ವಲ್ಪ ಗಟ್ಟಿಯಾಗೇ ಹೇಳ್ತೀನಿ. ಸುರಕ್ಷತಾ ಸಮಿತಿ ಅಂತ ಶುರುವಾಗಿದ್ದು ಎಷ್ಟೋ ಕಡೆ ಹೊಸಬರನ್ನ ಅನುಮಾನದಿಂದ ನೋಡೋದು, ಬೀದಿ ವ್ಯಾಪಾರಿಗಳನ್ನ ಎಬ್ಬಿಸೋದು, ಕಟ್ಟೆ ಮೇಲೆ ಕೂರೋ ಹುಡುಗರ ಫೋಟೋ ಗ್ರೂಪಿಗೆ ಹಾಕೋದು, ಇಲ್ಲಿಗೆ ಬಂದು ನಿಲ್ಲತ್ತೆ. ರಾತ್ರಿ ಹತ್ತರವರೆಗೆ ಗಾಡಿ ಇಟ್ಕೊಂಡು ನಿಂತಿರೋ ವ್ಯಾಪಾರಿ ಆ ಬೀದಿಯ ಕಣ್ಣು, ಅವರನ್ನ ಎಬ್ಬಿಸಿದ್ರೆ ಬೀದಿ ಇನ್ನೂ ಖಾಲಿ ಆಗತ್ತೆ. ಹುಡುಗರಿಗೆ ಕೂರೋಕೆ ಬೇರೆ ಜಾಗ ಇಲ್ಲ ಅಂದ್ರೆ ಆ ಜಾಗ ಮಾಡ್ಸಿ ಅಂತ ಅರ್ಜಿ ಹಾಕೋದೂ ಸುರಕ್ಷತೆಯ ಕೆಲಸಾನೇ. ಆಸ್ಟ್ರಿಯಾದ ವಿಯೆನ್ನಾದಲ್ಲಿ 1990ರ ದಶಕದ ಕೊನೆಗೆ ನೋಡಿದಾಗ ಒಂಬತ್ತು ವರ್ಷ ದಾಟಿದ ಹೆಣ್ಮಕ್ಕಳು ಪಾರ್ಕಿಗೆ ಬರೋದೇ ನಿಂತೋಗ್ತಿತ್ತು, ದೊಡ್ಡ ಬಯಲೆಲ್ಲ ಹುಡುಗರ ಆಟಕ್ಕೆ ಹೋಗಿತ್ತು. ಪಾಲಿಕೆಯವರು ಯಾರನ್ನೂ ಹೊರಗೆ ಹಾಕ್ದೆ ಬಯಲನ್ನ ಸಣ್ಣ ಸಣ್ಣ ಭಾಗ ಮಾಡಿ, ಒಳಗೆ ಹೋಗೋಕೆ ದಾರಿ ಜಾಸ್ತಿ ಮಾಡಿ, ಬೇರೆ ಆಟಕ್ಕೂ ಕೂತು ಮಾತಾಡೋಕೂ ಜಾಗ ಕೊಟ್ರು, ಹೆಣ್ಮಕ್ಕಳು ವಾಪಸ್ ಬಂದ್ರು.

ಕೆಲಸ ಆದ್ಮೇಲೆ

ಕೆಲಸ ಆಯ್ತು ಅಂತ ಮೆಸೇಜ್ ಬಂದ ದಿನಾನೇ ಕತ್ತಲಾದ್ಮೇಲೆ ಹೋಗಿ ನೋಡಿ, ಅದೇ ಜಾಗದಲ್ಲಿ ನಿಂತು ಅದೇ ಕೋನದಿಂದ ಫೋಟೋ ತೆಗೀರಿ. ಆಗಿಲ್ಲ ಅಂದ್ರೆ ಹಳೇ ನಂಬರ್ ಹಾಕಿ ಮತ್ತೆ ಓಪನ್ ಮಾಡ್ಸಿ, ಹೊಸ ದೂರು ಕೊಡ್ಬೇಡಿ, ಹೊಸದು ಕೊಟ್ರೆ ಹಳೇದು ಮುಗಿದ ಲೆಕ್ಕಕ್ಕೆ ಸೇರ್ಕೊಳ್ಳತ್ತೆ. ಆಗಿದ್ರೆ ಮಾಡಿದವರಿಗೆ ಎರಡು ಸಾಲು ಬರೆದು ಕಳ್ಸಿ, ಮೇಲಧಿಕಾರಿಗೂ ಒಂದು ಪ್ರತಿ ಹಾಕಿ. ಬೈಗುಳದ ಪತ್ರಗಳ ಮಧ್ಯೆ ಅಂಥದ್ದೊಂದು ಬಂದ್ರೆ ಮುಂದಿನ ಸಲ ನಿಮ್ಮ ಫೋನ್ ಎತ್ತೋಕೆ ಅವರಿಗೂ ಮನಸ್ಸು ಬರತ್ತೆ.

ಆರು ತಿಂಗಳಾದ್ಮೇಲೆ ಅದೇ ಲೆಕ್ಕದ ಪುಸ್ತಕ ತೆಗೆದು ನೋಡಿ, ಆ ಜಾಗದಲ್ಲಿ ಘಟನೆ ಕಡಿಮೆ ಆಯ್ತಾ, ಪಕ್ಕದ ಬೀದಿಗೆ ಹೋಯ್ತಾ. ಪಕ್ಕಕ್ಕೆ ಹೋಗಿದ್ರೆ ಅಲ್ಲಿಯವರನ್ನ ಸೇರಿಸ್ಕೊಂಡು ಅಲ್ಲೂ ಒಂದು ಸುತ್ತು ನಡೀರಿ. ಕಡಿಮೆ ಆಗಿದ್ರೆ ಆ ಅಂಕಿನೇ ಮುಂದಿನ ಬಜೆಟ್ ಸಭೆಲಿ ನಿಮ್ಮ ಕೈಲಿರೋ ಗಟ್ಟಿ ಕಾಗದ. ಇನ್ನು ಕೊಂಬೆ ಮತ್ತೆ ಬೆಳೆಯತ್ತೆ, ಬಲ್ಬ್ ಮತ್ತೆ ಹೋಗತ್ತೆ, ಹಾಗಾಗಿ ಸವರೋ ಕೆಲಸ ವರ್ಷಕ್ಕೊಂದ್ಸಲ ನಿರ್ವಹಣೆ ಪಟ್ಟಿಲೇ ಸೇರ್ಕೊಳ್ಳೋ ಹಾಗೆ ಲಿಖಿತವಾಗಿ ಕೇಳಿ, ಮತ್ತೆ ಅರ್ಜಿಗಳ ಫೈಲು, ವಿಭಾಗಗಳ ಹಾಳೆ, ಫೋಟೋ ಎಲ್ಲಾ ಏರಿಯಾದ ಇಬ್ಬರು ಮೂವರ ಹತ್ರ ಇರ್ಲಿ, ನೀವು ಮನೆ ಬದಲಾಯಿಸಿದ್ರೂ ಅದನ್ನ ಹಿಡ್ಕೊಂಡು ಆಫೀಸಿಗೆ ಹೋಗೋಕೆ ಒಬ್ಬರು ಇರ್ತಾರೆ.